ಆಯಿಯ ಟೊಂಕ, ನನ್ನ ತೂಕ

ಗೋಕಾಕದ ಡಾಕ್ಟರರ ಕೋಣೆಯಲ್ಲಿ ಆ ದಿನ ನಾವು ಮೂವರಿದ್ದೆವು. ಮೇಜಿನ ಆಚೆ ಡಾಕ್ಟರಮ್ಮ, ನನ್ನ ಮೊಮ್ಮಗಳ ವಯಸ್ಸಿನವಳು. ಬಾಗಿಲ ಹತ್ತಿರ ನನ್ನ ಚಪ್ಪಲಿ, ಕೈಚೀಲ, ಹಳೆಯ ಚೀಟಿಗಳನ್ನೆಲ್ಲ ಹಿಡಿದುಕೊಂಡು ನಿಂತ ನನ್ನ ಸೊಸೆ. ನಡುವೆ ನಾನು. ನನ್ನ ಎರಡು ಮೊಣಕಾಲುಗಳನ್ನೂ ಎಣಿಸಿದರೆ ಐದು ಮಂದಿ ಎನ್ನಬೇಕು. ಯಾಕೆಂದರೆ ನಾನು ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಎನ್ನುವುದನ್ನು ಈಗೀಗ ಅವೇ ತೀರ್ಮಾನಿಸುತ್ತವೆ.

"ಮಶಿನ್ ಮ್ಯಾಲ ನಿಂದರ್ರಿ ಆಯಿ," ಅಂದಳು ಡಾಕ್ಟರಮ್ಮ.

ನಿಂತೆ. ನಿಂತ ಕೂಡಲೇ ನನ್ನ ಬಲಗೈ ತಾನಾಗಿಯೇ ಮೇಲೆದ್ದು, ಪಕ್ಕದ ಪರದೆಯ ಸರಳನ್ನು ಹಿಡಿದುಕೊಂಡಿತು. ತೂಕದ ಮುಳ್ಳು ಒಂದಿಷ್ಟು ಹಿಂದಕ್ಕೆ ಸರಿಯಿತು.

"ಕೈ ಬಿಡ್ರಿ ಆಯಿ. ಹಂಗ ಹಿಡಕೊಂಡ್ರ ತೂಕ ಕಡಿಮಿ ಬರತೈತಿ."

"ಗೊತ್ತೈತವ್ವಾ," ಅಂದೆ. "ಅದಕ್ಕ ಹಿಡಕೋಳೂದು."

ಅವಳು ನಕ್ಕಳು. ನನ್ನ ಸೊಸೆ ನಗಲಿಲ್ಲ. ಅತ್ತೆ ತೂಕ ಕದಿಯುತ್ತಿದ್ದಾಳೆ ಎಂದು ಅವಳಿಗೆ ನಾಚಿಕೆ. "ಮನ್ಯಾಗೂ ಹಿಂಗ ಮಾಡ್ತಾರ್ರಿ. ಮಣಿ ಮ್ಯಾಲ ನಿಂತ್ರೂ ಕೈ ಮ್ಯಾಲ, ಗುಡಿ ಕಟ್ಟಿ ಹತ್ತಿದ್ರೂ ಕೈ ಮ್ಯಾಲ," ಎಂದು ದೂರು ಹೇಳಿದಳು.

ಡಾಕ್ಟರಮ್ಮ ಮುಳ್ಳು ನೋಡಿದಳು, ಚೀಟಿ ಬರೆದಳು, "ತೂಕ ಇಳಿಸ್ರಿ, ಕಾಲು ತಾವ ಸುಮ್ನಾಗತಾವ," ಎಂದಳು. ಇರಬಹುದು, ಓದಿದವಳು. ಮೊಣಕಾಲನ್ನು ಮಾತ್ರ ಮುಟ್ಟಲಿಲ್ಲ. ತಪ್ಪೇನಲ್ಲ, ಹೊರಗೆ ಬೆಂಚಿನ ಮೇಲೆ ಇಪ್ಪತ್ತು ಮಂದಿ ಕಾದಿದ್ದರು, ಅವರವು ನಲವತ್ತು ಮೊಣಕಾಲು. ನನಗಂತೂ ಬಸ್ಸಿನಲ್ಲಿ ವಾಪಸು ಬರುವಾಗ ಕಾಲಿನದಲ್ಲ, ಕೈಯದೇ ಯೋಚನೆ. ಇಷ್ಟು ವರ್ಷ ಕಳೆದರೂ ಈ ಕೈ ನನ್ನ ತವರು ನಾಗನೂರಿನ ಪಡಸಾಲೆಯ ಹಗ್ಗವನ್ನು ಇನ್ನೂ ಹುಡುಕುತ್ತದಲ್ಲ!

ಹಗ್ಗದ ಕತೆ ಹೇಳಬೇಕೆಂದರೆ ಮೊದಲು ಟೊಂಕದ ಕತೆ ಹೇಳಬೇಕು. ಟೊಂಕ ಎಂದರೆ ಸೊಂಟ. ನಮ್ಮ ಕಡೆಯ ಮಾತು. ಅದು ನಮ್ಮ ಆಯಿಯದು, ಅಂದರೆ ಅಪ್ಪನ ತಾಯಿಯದು.

ಆಯಿ ತೊಗರಿ ಕಟ್ಟಿಗೆಯ ಹಾಗೆ ತೆಳ್ಳಗಿದ್ದಳು. ಮೈಮೇಲೆ ಮಾಂಸ ಎನ್ನುವುದೇ ಇರಲಿಲ್ಲ. ಆದರೂ ಟೊಂಕ ಮಾತ್ರ ಸದಾ ಹಿಡಿದುಕೊಂಡೇ ಇರುತ್ತಿತ್ತು. ಅದಕ್ಕೇ, ತೂಕ ಇಳಿಸಿದರೆ ನೋವು ಹೋಗುತ್ತದೆ ಎಂದು ಯಾರಾದರೂ ಹೇಳಿದಾಗ ನನಗೆ ಆಯಿ ಕಣ್ಣ ಮುಂದೆ ಬರುತ್ತಾಳೆ. ಅವಳಲ್ಲಿ ಇಳಿಸಲಿಕ್ಕೆ ಏನಿತ್ತು, ಬೆಳ್ಳಿ ಡಾಬು ಒಂದನ್ನು ಬಿಟ್ಟರೆ?

ನಮ್ಮ ಮನೆಯಲ್ಲಿ ಆಯಿ ಬೇರೆ, ಆಯಿಯ ಟೊಂಕ ಬೇರೆ. "ಆಯಿ ಎಲ್ಲಿ?" ಎಂದರೆ "ಹಿತ್ತಲದಾಗ" ಎನ್ನುತ್ತಿದ್ದರು. "ಟೊಂಕ?" ಎಂದರೆ "ಎದ್ದೈತಿ" ಅಥವಾ "ಮಲಗೈತಿ". ದನ ಕಟ್ಟಿದ ಹಾಗೆ ಅದನ್ನೂ ಮನೆಯ ಒಂದು ಮೂಲೆಯಲ್ಲಿ ಕಟ್ಟಿದ್ದರೇನೋ ಅನ್ನಿಸಬೇಕು. ನಮ್ಮ ಕಾಕಾನಿಗೆ ಅದು ಪಂಚಾಂಗ. ಹೊಲಕ್ಕೆ ಹೊರಡುವ ಮೊದಲು ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದ.

"ಯವ್ವಾ, ಟೊಂಕ ಏನಂತೈತಿ? ಇವತ್ತ ಶೇಂಗಾ ಕೀಳಸೂನೋ, ಬ್ಯಾಡೋ?"

"ನಾಕ ದಿನಾ ತಡಿ ಅಂತೈತಿ," ಅನ್ನುತ್ತಿದ್ದಳು ಆಯಿ ಒಳಗಿಂದ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಮಳೆ ಬರುತ್ತಿತ್ತು. "ನಮ್ಮವ್ವನ ಟೊಂಕ ಅಂದ್ರ ಟೊಂಕ!" ಎಂದು ಕಾಕಾ ಕಟ್ಟೆಯ ಮೇಲೆ ಕೂತು ಹೆಮ್ಮೆಪಡುತ್ತಿದ್ದ.

ಈ ಟೊಂಕ ಯಾವಾಗ ಹಿಡಿಯಿತು, ಹೇಗೆ ಹಿಡಿಯಿತು ಎನ್ನುವುದು ನನಗೆ ಸಣ್ಣವಳಿದ್ದಾಗಿನಿಂದ ಕುತೂಹಲ. ಕೇಳಿದವರಿಗೆಲ್ಲ ಒಂದೊಂದು ಉತ್ತರ. ಹಳ್ಳದ ನೀರು ಹೊತ್ತು ಹಿಡಿಯಿತು ಎಂದಳು ಅವ್ವ. ಕಾಕಾನ ಬಾಣಂತನದಲ್ಲಿ ಗಾಳಿ ಸೇರಿತು ಎಂದರು ಪಕ್ಕದ ಮನೆಯವರು. "ನಾ ಹುಟ್ಟಿದ್ದಕ್ಕ ಇಷ್ಟ ದಿನಾ ಹೆಸರಿಡ್ತಾರ ನೋಡು," ಎಂದ ಕಾಕಾ. ಔಷಧಕ್ಕೇನೂ ಕಡಿಮೆ ಇರಲಿಲ್ಲ. ಎಕ್ಕಿಯ ಎಲೆಯನ್ನು ಬಿಸಿಮಾಡಿ ಕಟ್ಟುತ್ತಿದ್ದರು, ಔಡಲೆಣ್ಣೆ ತಿಕ್ಕುತ್ತಿದ್ದರು, ಇಟ್ಟಂಗಿಯನ್ನು ಒಲೆಯಲ್ಲಿ ಕಾಸಿ ಬಟ್ಟೆಯಲ್ಲಿ ಸುತ್ತಿ ಶಾಖ ಕೊಡುತ್ತಿದ್ದರು. ಎಲ್ಲರೂ ಏನೋ ಒಂದನ್ನು ತಂದು ಬೆನ್ನಿಗೆ ಹಚ್ಚಿ ಹೋಗುವವರೇ.

ಇನ್ನು ನನ್ನ ತೂಕದ ಕತೆ. ನಾನು ಹುಟ್ಟಿದ್ದು ಸ್ವಾತಂತ್ರ್ಯ ಬಂದ ವರ್ಷ. "ದೇಶ ಹಗುರಾದ ವರ್ಷ ಇಕಿ ವಜ್ಜಿ ಆಗಿ ಹುಟ್ಟಿದ್ಲು," ಎಂದು ಕಾಕಾ ಬಂದವರಿಗೆಲ್ಲ ಹೇಳುತ್ತಿದ್ದ. ವಜ್ಜಿ ಎಂದರೆ ಭಾರ. ನನ್ನ ಹೆಸರು ನೀಲವ್ವ. ಆದರೆ ಐದನೆಯ ವರ್ಷಕ್ಕೇ ಕಾಕಾ ಅದನ್ನು ತೆಗೆದುಹಾಕಿ, ಜೋಳದ ಚೀಲದ ನೆನಪಿಗೆ "ಚೀಲವ್ವ" ಎಂದು ಇಟ್ಟುಬಿಟ್ಟ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು ನಮ್ಮಕ್ಕ ಸುವ್ವಿ. ಅವಳು ಗಾಳಿ ಜೋರಾಗಿ ಬೀಸಿದರೆ ಕಂಬ ಹಿಡಿದುಕೊಳ್ಳಬೇಕು, ಅಂಥವಳು.

ನನಗೆ ಈಗಲೂ ಬಗೆಹರಿಯದ ಒಂದು ವಿಷಯವಿದೆ. ಮೂರು ವರ್ಷದ ಮಗು ದಪ್ಪಗಿದ್ದರೆ ಓಣಿಯವರೆಲ್ಲ ಎತ್ತಿಕೊಳ್ಳುತ್ತಾರೆ, ಗಲ್ಲ ಹಿಂಡುತ್ತಾರೆ, "ಮೈ ಕೈ ತುಂಬಿಕೊಂಡೈತಿ, ದೃಷ್ಟಿ ತಗೀರಿ" ಎನ್ನುತ್ತಾರೆ. ಅದೇ ಮಗು ಎಂಟು ವರ್ಷದ್ದಾದಾಗ ಅದೇ ಮೈ, ಅದೇ ಕೈ, ಅದೇ ಗಲ್ಲ. ಆದರೆ ಆಗ ತಪ್ಪು. ಯಾವ ದಿನದಿಂದ ತಪ್ಪಾಯಿತು? ಮೊದಲೇ ಹೇಳಿದ್ದರೆ ನಾನು ತಯಾರಾಗಿ ಇರುತ್ತಿದ್ದೆ. ನನಗೆ ತಿಳಿದದ್ದು ಕರದಂಟಿನಿಂದ. ಕಾಕಾ ಗೋಕಾಕಕ್ಕೆ ಹೋದಾಗಲೆಲ್ಲ ತರುತ್ತಿದ್ದ ಕರದಂಟಿನಲ್ಲಿ ಸುವ್ವಿಗೆ ಎರಡು ತುಂಡು, "ಮೈ ಹತ್ತಲಿ" ಎಂದು. ನನಗೆ ಅರ್ಧ, "ನಿನಗ ಯಾಕ ಬೇಕು" ಎಂದು. ಆಯಿಗೆ ಎರಡು, ಅದರೊಳಗಿನ ಅಂಟು ಟೊಂಕಕ್ಕೆ ಒಳ್ಳೆಯದಂತೆ. ಆಯಿಯ ಎರಡರಲ್ಲಿ ಒಂದು ಅವಳ ಸೆರಗಿನ ಗಂಟಿನಿಂದ ನನ್ನ ಬಾಯಿಗೆ ಬರುತ್ತಿತ್ತು ಎನ್ನುವುದು ನಮ್ಮಿಬ್ಬರಿಗೇ ಗೊತ್ತು.

ನನಗೆ ಎಂಟು ವರ್ಷವಾದಾಗಿನ ನಾಗರ ಪಂಚಮಿಗೆ ಯಮಕನಮರಡಿಯಿಂದ ಅತ್ತೆವ್ವ ತವರಿಗೆ ಬಂದಳು. ಅಪ್ಪನ ತಂಗಿ. ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ಹಿತ್ತಲ ಬೇವಿನ ಗಿಡಕ್ಕೆ ಕಾಕಾ ಜೋಕಾಲಿ ಕಟ್ಟಿದ್ದ. ಹೊಸ ಹಗ್ಗ, ಹೆಣ್ಣುಮಕ್ಕಳ ಸಾಲು. ನನ್ನ ಪಾಳಿ ಬಂದು, ನಾನು ಕೂತು, ಕಾಲು ನೆಲ ಬಿಡುವುದರೊಳಗೆ ಅತ್ತೆವ್ವ ಕೂಗಿದಳು.

"ಏ ಚೀಲವ್ವಾ, ಇಳಿ ಬೇ ಇಳಿ! ಟೊಂಗಿ ಮುರದ್ರ ಉಳದ ಹುಡಿಗ್ಯಾರು ಎಲ್ಲಿ ಆಡಬೇಕು?"

ಎಲ್ಲರೂ ನಕ್ಕರು. ಸುವ್ವಿಯೂ ನಕ್ಕಳು. ನಾನೂ ನಕ್ಕೆ, ಇಳಿಯುವಾಗ ನಗುವುದು ಒಂದು ಮರ್ಯಾದೆ ಎಂದು ಆ ವಯಸ್ಸಿಗೇ ಗೊತ್ತಿತ್ತು. ಆಮೇಲೆ ಊಟಕ್ಕೆ ಕೂತಾಗ ಅತ್ತೆವ್ವ, "ಇದು ಎಷ್ಟನೇ ಉಂಡಿ?" ಎಂದಳು. ಅದು ಎರಡನೆಯದು. ತಾಟಿಗೆ ವಾಪಸು ಇಟ್ಟೆ.

ಮರುದಿನ ರೊಟ್ಟಿ ಮುಟ್ಟಲಿಲ್ಲ. ಅದರ ಮರುದಿನವೂ ಮುಟ್ಟಲಿಲ್ಲ. ಅವ್ವ ಬೈದಳು, ಬೇಡಿಕೊಂಡಳು, ಅತ್ತಳು. ಅತ್ತೆವ್ವ ತಾನೇ ತುತ್ತು ಮಾಡಿ ಬಾಯಿಯ ಹತ್ತಿರ ತಂದಳು. ನಾನು ದನದ ಗೋದಲಿಯ ಹಿಂದೆ ಕೂತು ಗೋಡೆ ನೋಡುತ್ತಿದ್ದೆ. ತೆಳ್ಳಗಾಗುವುದಕ್ಕೆ ಎಷ್ಟು ದಿನ ಬೇಕು ಎನ್ನುವುದೊಂದೇ ನನ್ನ ವಿಚಾರ. ಸುವ್ವಿಯಷ್ಟಾಗಲು ಶುಕ್ರವಾರದವರೆಗೆ ಸಾಕೆಂದು ನನ್ನ ಅಂದಾಜು.

ಎರಡನೆಯ ದಿನ ಮಧ್ಯಾಹ್ನ ಪಡಸಾಲೆಯಿಂದ ಆಯಿಯ ದನಿ ಕೇಳಿಸಿತು. ಕಾಕಾನನ್ನು ಕರೆಯುತ್ತಿದ್ದಳು.

"ಆ ಜೋಕಾಲಿ ಹಗ್ಗ ಬಿಚ್ಚಿ ತಾ. ಇಲ್ಲಿ ತೊಲಿಗೆ ಕಟ್ಟು."

"ಯಾಕಬೇ, ನೀ ಜೋಕಾಲಿ ಆಡಾಕಿ ಏನ?"

"ಹೂಂ. ಕಟ್ಟು."

ಕಾಕಾ ಕಟ್ಟಿದ. ಆಯಿ ಹಗ್ಗದ ಕೆಳಗೆ ಕೌದಿ ಹಾಸಿ ಬೋರಲು ಮಲಗಿದಳು. "ನೀಲೀ, ಬಾ. ಹಗ್ಗ ಹಿಡಕೊಂಡು ನನ್ನ ಟೊಂಕದ ಮ್ಯಾಲ ಹತ್ತು."

ಅತ್ತೆವ್ವ ಎದೆಗೆ ಕೈ ಹಚ್ಚಿಕೊಂಡಳು. "ಯವ್ವಾ! ಮುರಿತೈತಿ ಬೇ!"

"ಮುರದ್ರ ಮುರೀಲಿ. ಈಗೇನ ಬಾಳ ನೆಟ್ಟಗೈತಿ ಏನು? ಇಕಿ ಪಾಯಾಳು ಅನ್ನೂದು ಎಲ್ಲಾರೂ ಮರತೀರೇನು?"

ಎಲ್ಲರೂ ನನ್ನ ಕಾಲು ನೋಡಿದರು.

ಓದುವವರಲ್ಲಿ ಆಚೆ ಕಡೆಯವರು ಇದ್ದರೆ ಹೇಳುತ್ತೇನೆ. ತಲೆಯ ಬದಲು ಕಾಲು ಮುಂದಾಗಿ ಹುಟ್ಟಿದವರಿಗೆ ನಮ್ಮ ಕಡೆ ಪಾಯಾಳು ಎನ್ನುತ್ತಾರೆ. ಮರಾಠಿಯಿಂದ ಬಂದ ಮಾತು. ಅವರ ಕಾಲಿಗೆ ಗುಣವಿರುತ್ತದೆ. ಹಿಡಿದ ಟೊಂಕಕ್ಕೆ ಅವರ ಕಾಲು ತಾಗಿದರೆ ಬಿಡುತ್ತದೆ. ನೆಲದೊಳಗಿನ ನೀರು ಅವರಿಗೆ ತಿಳಿಯುತ್ತದೆ. ಆದರೆ ಮಿಂಚು ಬಂದಾಗ ಅವರನ್ನು ಅಂಗಳದಲ್ಲಿ ನಿಲ್ಲಗೊಡಬಾರದು, ಸಿಡಿಲಿಗೆ ಅವರ ಮೇಲೆ ಕಣ್ಣು. ಅಕ್ಕ ಮತ್ತು ನಾನು ಇಬ್ಬರೂ ಹುಟ್ಟಿದ್ದು ಹುಕ್ಕೇರಿ ಕಡೆಯ ನಮ್ಮ ಅವ್ವನ ತವರಿನಲ್ಲಿ. ಹಾಗಾಗಿ ಯಾರು ಹೇಗೆ ಹುಟ್ಟಿದರು ಎಂದು ನಾಗನೂರಿನಲ್ಲಿ ತಿಳಿದಿದ್ದವರು ಅವ್ವ ಮತ್ತು ಆಯಿ, ಇಬ್ಬರೇ. ಅವ್ವ ಏನೋ ಹೇಳಲು ಬಾಯಿ ತೆರೆದಳು. ಆಯಿ ಅವಳ ಕಡೆ ನೋಡಿದಳು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನಾನು ಹತ್ತಿದೆ. ಕಾಲ ಕೆಳಗೆ ಆಯಿಯ ಬೆನ್ನು ಹುರಿ, ಒಂದೊಂದೇ ಮಣಿ, ಸರದ ಹಾಗೆ. ಬೀಳುತ್ತೇನೆಂಬ ಅಂಜಿಕೆಗೆ ಹಗ್ಗವನ್ನು ಎರಡೂ ಕೈಯಿಂದ ಹಿಡಿದಿದ್ದೆ.

"ಇಲ್ಲೇನ ಆಯಿ?"

"ಇನ್ನ ಸ್ವಲ್ಪ ಕೆಳಗ."

"ಇಲ್ಲೇನ?"

"ಹಾಂ. ಹಗ್ಗ ಅರ್ಧ ಬಿಡು."

ಹಗ್ಗ ಬಿಡುವುದೆಂದರೆ ಕೈ ಸಡಿಲಿಸಿ ಮೈಯ ಭಾರವನ್ನು ಕಾಲಿಗೆ ಇಳಿಸುವುದು. ಅರ್ಧ ಬಿಟ್ಟೆ. ಆಯಿ ಉಸಿರು ಬಿಟ್ಟಳು. "ಪೂರ್ತಿ ಬಿಡು," ಎಂದಳು. ಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ "ಇಳಿ" ಎಂದಳು, ಎದ್ದು ಕೂತಳು, ಸೆರಗು ಸರಿಪಡಿಸಿಕೊಂಡಳು.

"ಹಗುರಾತು. ಅಕಿಗೆ ರೊಟ್ಟಿ ಹಾಕ್ರಿ. ಅಕಿ ಉಂಡದ್ದು ನನ್ನ ಟೊಂಕಕ್ಕ ಬರತೈತಿ. ಇನ್ನ ಮ್ಯಾಲ ಈ ಮನ್ಯಾಗ ಯಾರೂ ಅಕಿ ರೊಟ್ಟಿ ಎಣಸಬ್ಯಾಡ್ರಿ."

ಆ ದಿನ ಮೂರು ರೊಟ್ಟಿ ತಿಂದೆ. ಅತ್ತೆವ್ವನೇ ಬೆಣ್ಣೆ ಹಾಕಿದಳು.

ಮುಂದಿನದೆಲ್ಲ ನನ್ನ ಒಳ್ಳೆಯ ದಿನಗಳು. ಹಗ್ಗ ತೊಲೆಯಲ್ಲೇ ಉಳಿಯಿತು. ಊಟವಾದ ಮೇಲೆ ದಿನಾ ಆಯಿಯ ಟೊಂಕ. ವಾರಕ್ಕೊಮ್ಮೆಯಾದರೂ ಓಣಿಯ ಯಾರಾದರೊಬ್ಬ ಹೆಂಗಸು ಕೈಯನ್ನು ಟೊಂಕಕ್ಕೆ ಕೊಟ್ಟುಕೊಂಡು ಬಾಗಿಲಲ್ಲಿ ನಿಂತು, "ಪಾಯಾಳು ಅದಾಳೇನ್ರಿ ಮನ್ಯಾಗ?" ಎನ್ನುತ್ತಿದ್ದಳು. ನಾನು ಆಡುವುದನ್ನು ಬಿಟ್ಟು, ಡಾಕ್ಟರರ ಹಾಗೆ ಗಂಭೀರವಾಗಿ ಕಾಲು ತೊಳೆದುಕೊಂಡು ಬರುತ್ತಿದ್ದೆ. ಒಮ್ಮೆ ಕಾಕಾನಿಗೇ ಬಂಡಿಯ ಗಾಲಿ ಎತ್ತುವಾಗ ಚಳಕು ಹಿಡಿಯಿತು. ಅರ್ಧ ಬಗ್ಗಿದವನು ಬಗ್ಗಿದಂತೆಯೇ ಮನೆಗೆ ಬಂದ.

"ನೀಲವ್ವಾ, ಒಂದೀಟ ಬರ್ರಿ ಇಲ್ಲಿ."

"ಚೀಲವ್ವ ಅಲ್ಲೇನ ಕಾಕಾ?"

"ನೀಲವ್ವಾರ ಅಂತೇನಲ್ರಿ, ಹತ್ರಿ ಲಗೂನ!"

ಚಳಕು ಬಿಟ್ಟ ಮೇಲೆ ಕಾಕಾನ ಭಕ್ತಿ ಎಲ್ಲೆ ಮೀರಿತು. ಬಾವಿ ತೋಡಲು ನೀರು ತೋರಿಸೆಂದು ಹೊಲಕ್ಕೆ ಕರೆದುಕೊಂಡು ಹೋದ. ನನಗೆ ಏನೂ ತೋಚಲಿಲ್ಲ. ಬಿಸಿಲು, ಕಾಲು ಸೋತಿದ್ದವು; ಒಂದು ಕಡೆ ಕೂತುಬಿಟ್ಟೆ. "ಇಲ್ಲೇ!" ಎಂದು ಕಾಕಾ ಗೂಟ ಹೊಡೆದ. ಹತ್ತಾಳುದ್ದ ತೋಡಿದರೂ ನೀರು ಬರಲಿಲ್ಲ. ಒಳ್ಳೆಯ ಬಿಳಿ ಕಲ್ಲು ಬಂತು. ಅದರಲ್ಲೇ ಹಿತ್ತಲ ಗೋಡೆ ಕಟ್ಟಿಸಿದರು. "ನೀರಿನ ಗುಣ ಇಲ್ಲ ಇಕೀದು, ಕಲ್ಲಿನ ಗುಣ," ಎಂದು ಕಾಕಾ ಸಮಾಧಾನ ಹೇಳಿದ.

ನನಗೆ ಮೊದಲ ಸಂಶಯ ಬಂದದ್ದು ಆಗ. ಎರಡನೆಯದು ಮಿಂಚಿನ ದಿನ. ಅಕ್ಕ ಮತ್ತು ನಾನು ಅಂಗಳದಲ್ಲಿ ಹಾಕಿದ್ದ ಸೆಂಡಿಗೆ ಎತ್ತುತ್ತಿದ್ದೆವು. ಆಕಾಶ ಫಳ್ಳೆಂದಿತು. ಒಳಗಿಂದ ಅವ್ವ ಕಿರುಚಿದಳು: "ಸುವ್ವೀ, ಒಳಗ ಬಾ! ಮಿಂಚಾಕತ್ತೈತಿ, ಸುವ್ವೀ!" ಸುವ್ವಿ ಓಡಿದಳು. ನಾನು ನಿಂತೇ ಇದ್ದೆ. ಎಷ್ಟೋ ಹೊತ್ತಾದ ಮೇಲೆ, ನೆನಪು ಮಾಡಿಕೊಂಡವಳಂತೆ ಅವ್ವ, "ನೀಲೀ, ನೀನೂ ಬಾರಬೇ," ಅಂದಳು.

ಪಾಯಾಳು ನಾನು. ಸಿಡಿಲಿನ ಅಂಜಿಕೆ ಸುವ್ವಿಗೆ ಯಾಕೆ?

ಕೇಳಿದರೆ ಅವ್ವ "ಸೆಂಡಿಗಿ ತೊಯ್ದಾವು ನೋಡು" ಎಂದಳು. ಆಯಿಯನ್ನು ಕೇಳಿದರೆ, "ಅವ್ವನ ಬಾಯಿಗೆ ಮೊದಲ ದೊಡ್ಡ ಮಗಳ ಹೆಸರ ಬರತೈತಿ," ಎಂದಳು. ಎರಡೂ ನಿಜವೇ ಇರಬಹುದು. ಆದರೂ ನನ್ನ ತಲೆಯಲ್ಲಿ ಒಂದು ಹುಳು ಹೊಕ್ಕಿತು. ಅದು ಹೊರಬಿದ್ದದ್ದು ಮೂಡಲಗಿಯ ಸಂತೆಯಲ್ಲಿ, ನನಗೆ ಹನ್ನೆರಡು ವರ್ಷವಾದಾಗ.

ಕಾಕಾ ಜೋಳ ಮಾರಲು ಹೋಗಿದ್ದ. ಅವ್ವನೂ ನಾನೂ ಜೊತೆಗೆ. ಅಂಗಡಿಯ ಮುಂದೆ ದೊಡ್ಡ ತಕ್ಕಡಿ, ಸರಪಳಿಗೆ ತೂಗುಬಿಟ್ಟ ಎರಡು ಹಲಗೆ. ಒಂದರಲ್ಲಿ ನಮ್ಮ ಜೋಳದ ಚೀಲ. ಕಾಕಾನಿಗೆ ಚೇಷ್ಟೆ. "ಕುಂದ್ರು ಚೀಲವ್ವಾ, ಎರಡೂ ಚೀಲ ಬರೋಬ್ಬರಿ ಅದಾವೇನ ನೋಡೂನು!" ಎಂದು ನನ್ನನ್ನು ಇನ್ನೊಂದರಲ್ಲಿ ಕೂರಿಸಿದ. ನೋಡುತ್ತಿದ್ದಂತೆ ನನ್ನ ಹಲಗೆ ಮೇಲಕ್ಕೆದ್ದಿತು. ಕಾಲು ನೆಲ ಬಿಟ್ಟವು. ಚೀಲ ಕೆಳಗೆ ಗಟ್ಟಿಯಾಗಿ ಕೂತಿತ್ತು, ನಾನು ಗಾಳಿಯಲ್ಲಿ ತೂಗುತ್ತಿದ್ದೆ. ಅಷ್ಟು ವರ್ಷ ಚೀಲ, ಚೀಲ ಎಂದು ಕರೆಸಿಕೊಂಡವಳು ಚೀಲದ ಅರ್ಧವೂ ಇರಲಿಲ್ಲ! "ತಕ್ಕಡಿ ಸುಳ್ಳ ಹೇಳತೈತಿ," ಎಂದ ಕಾಕಾ. ನಾನು ಸರಪಳಿ ಹಿಡಿದು ಇನ್ನೊಂದು ಸಲ ತೂಗಿದೆ. ಪಂಚಮಿಯ ಬಾಕಿ ಉಳಿದಿದ್ದ ಜೋಕಾಲಿ ಅದು.

ಇಳಿಯುವಾಗ ಕೆಳಗೆ ನಿಂತು ನಗುತ್ತಿದ್ದವಳು ತಾಯವ್ವ. ಅವ್ವನ ತವರಿನ ಸೂಲಗಿತ್ತಿ. ಮಗಳ ಮನೆಗೆಂದು ಮೂಡಲಗಿಗೆ ಬಂದಿದ್ದಳು. "ಇಕಿ ನನ್ನ ಕೈಯಾಗ ಹುಟ್ಟಿದ ಕೂಸು!" ಎಂದು ನನ್ನ ಗಲ್ಲ ಸವರಿದಳು. ಅವ್ವ ಎಲೆ ಅಡಿಕೆ ಕೊಳ್ಳಲು ಅತ್ತ ಹೋದ ಕೂಡಲೇ ನಾನು ಕೇಳಿದೆ.

"ತಾಯವ್ವಾ, ನಾ ಕಾಲ ಮುಂದ ಮಾಡಿ ಹುಟ್ಟಿದ್ನೇನು?"

"ನೀನು? ನೀ ತಲಿ ಮುಂದ ಮಾಡಿ ಹುಟ್ಟಿದಾಕಿ, ಬಾಯಿ ಮಾಡಕೋತ! ಕಾಲ ಮುಂದ ಬಂದಾಕಿ ನಿಮ್ಮಕ್ಕ. ಅಕಿ ಹೊತ್ತಿಗೆ ನನ್ನ ಜೀವಾನ ಕೈಯಾಗ ಬಂದಿತ್ತವ್ವಾ, ಮರೀತೇನೇನು?"

ವಾಪಸು ಬರುವಾಗ ಬಂಡಿಯಲ್ಲಿ ನನಗೆ ಪಾಯಾಳುತನ ಹೋದದ್ದಕ್ಕೆ ಅಷ್ಟು ದುಃಖವಾಗಲಿಲ್ಲ. ಇನ್ನೊಂದು ವಿಚಾರ ಬಂದು ಎದೆಯ ಮೇಲೆ ಕೂತಿತ್ತು. ಗುಣವಿಲ್ಲದ ಕಾಲು ಅಂದ ಮೇಲೆ ನಾನು ನಾಲ್ಕು ವರ್ಷ ದಿನಾ ಆ ತೊಗರಿ ಕಟ್ಟಿಗೆಯಂಥ ಬೆನ್ನಿನ ಮೇಲೆ ಹತ್ತಿ ಮಾಡಿದ್ದಾದರೂ ಏನು? ಬರೀ ಭಾರ ಹಾಕಿದ್ದು. ನೋಯುವ ಜಾಗ ಹುಡುಕಿ ಹುಡುಕಿ, ಅಲ್ಲಿಯೇ.

ಮರುದಿನ ಹತ್ತಿದಾಗ ಹಗ್ಗ ಬಿಡಲಿಲ್ಲ. ಬಾವಲಿಯ ಹಾಗೆ ಜೋತುಬಿದ್ದು, ಹೆಬ್ಬೆರಳ ತುದಿಯನ್ನಷ್ಟೇ ಸೋಕಿಸಿದೆ.

"ಬಿಡು," ಎಂದಳು ಆಯಿ.

"ಬಿಟ್ಟೇನಿ."

"ಎಲ್ಲಿ ಬಿಟ್ಟಿ? ತೊಲಿ ಕಿರ್ ಅನ್ನಾಕತ್ತೈತಿ."

ನನಗೆ ಅಳು ಬಂತು. ಇಳಿದು ಅವಳ ತಲೆಯ ಹತ್ತಿರ ಕೂತೆ. "ನಾ ಪಾಯಾಳು ಅಲ್ಲ. ತಾಯವ್ವ ಹೇಳಿದ್ಲು. ನೀ ಯಾಕ ಸುಳ್ಳ ಹೇಳಿದಿ? ಸುವ್ವಿನ್ನ ಹತ್ತಸಬೇಕಿಲ್ಲ?"

ಆಯಿ ಹಾಗೆಯೇ ಬೋರಲು ಮಲಗಿ, ಮುಖ ಮಾತ್ರ ನನ್ನ ಕಡೆ ಹೊರಳಿಸಿದಳು. "ಸುವ್ವಿನ್ನ ಒಮ್ಮೆ ಹತ್ತಿಸಿದ್ನಿ. ಕೋಳಿ ಅಡ್ಯಾಡಿದಂಗ ಆತು."

"ನಾ ಹತ್ತಿದ್ರ ನಿನಗ ಬ್ಯಾನಿ ಆಕ್ಕಿತ್ತೇನು? ಖರೆ ಹೇಳು."

ಆಯಿ ಸುಳ್ಳು ಹೇಳುತ್ತಾಳೆ ಎಂದುಕೊಂಡೆ, ನಿಜವನ್ನೇ ಹೇಳಿದಳು.

"ಮೊದಲನೇ ದಿನಾ ಬಾಳ ಆತು. ಕಣ್ಣಾಗ ನೀರ ಬಂದಿದ್ದೂ, ಬೋರಲ ಇದ್ನಿ, ಯಾರಿಗೂ ಕಾಣಲಿಲ್ಲ. ನೀ ಉಣ್ಣಲಾರದ ಎರಡ ದಿನಾ ಆಗಿತ್ತಲ್ಲ, ಮತ್ತೇನ ಮಾಡಬೇಕಿತ್ತು?"

"ಆಮ್ಯಾಲ?"

"ಆಮ್ಯಾಲ ಹಗುರ ಅನಸಾಕ ಹತ್ತಿತು. ಹೆಂಗ ಅಂತ ನನಗೂ ತಿಳೀಲಿಲ್ಲ. ಈ ಟೊಂಕ ಹಿಡದು ಮೂವತ್ತ ವರ್ಷ ಆತು ನೀಲಿ. ಎಣ್ಣಿ ಹಚ್ಚಿದ್ರು, ಎಲಿ ಕಟ್ಟಿದ್ರು, ನಿಮ್ಮ ಕಾಕಾ ಮಳಿ ಕೇಳ್ದ. ಎಲ್ಲಿ ನೋಯತೈತಿ ಅಂತ ಕೇಳಿದಾಕಿ ನೀನ ಮೊದಲು. ಇಲ್ಲೇನ, ಇಲ್ಲೇನ ಅಂತ." ಕೈ ಚಾಚಿ ನನ್ನ ಪಾದ ಮುಟ್ಟಿದಳು. "ಹತ್ತು. ಹಗ್ಗ ಬಿಡು."

ಹತ್ತಿದೆ. ಬಿಟ್ಟೆ. ಆದರೆ ಆ ದಿನದಿಂದ ನಾನು ಹಗ್ಗವನ್ನು ಮೊದಲಿಗಿಂತ ಹೆಚ್ಚು ಹುಷಾರಾಗಿ ಹಿಡಿಯುತ್ತಿದ್ದೆ. ಈಗ ಕೈ ತಾನಾಗಿ ಮೇಲೇಳುವುದು ಆವಾಗಿನ ಅಭ್ಯಾಸ. ಪಾಯಾಳು ಅಲ್ಲ ಎನ್ನುವ ಗುಟ್ಟು ನಮ್ಮ ಊರಲ್ಲಿ ಆಯಿ, ಅವ್ವ, ನಾನು, ಮೂವರಲ್ಲೇ ಉಳಿಯಿತು.

ಉಳಿಯಿತು ಎಂದುಕೊಂಡಿದ್ದೆ. ನನಗೆ ಹದಿನೆಂಟಾದಾಗ ಹುಕ್ಕೇರಿಯಿಂದ ಕನ್ಯೆ ನೋಡಲು ಬಂದರು. ಹುಡುಗ ಸಾಲಿ ಮಾಸ್ತರ. ಸುವ್ವಿಯನ್ನು ಅಷ್ಟರಲ್ಲಿ ಮೂಡಲಗಿಗೆ ಕೊಟ್ಟಾಗಿತ್ತು. ಯಮಕನಮರಡಿಯಿಂದ ಓಡಿಬಂದ ಅತ್ತೆವ್ವ ನನಗೆ ಸೀರೆ ಉಡಿಸುತ್ತ, "ಉಸರ ಒಳಗ ಹಿಡಕೊಂಡ ಕುಂದ್ರ. ಅವರು ಹೋಗೂತನಕ ಬಿಡಬ್ಯಾಡ," ಎಂದಳು. ಹಿಡಿದು ಕೂತೆ. ಹುಡುಗನ ತಾಯಿ ನನ್ನನ್ನು ನೋಡಿದಳು, ತಲೆಯಿಂದ ಕಾಲಿನವರೆಗೆ, ಆಮೇಲೆ ಅಡ್ಡ. ಅಡ್ಡ ನೋಡಲು ಸ್ವಲ್ಪ ಹೆಚ್ಚು ಹೊತ್ತು ಬೇಕಾಯಿತು. ಏನೂ ಮಾತಾಡದೆ ಏಳಹೋದವಳು ಅರ್ಧಕ್ಕೇ "ಅವ್ವಾ" ಎಂದು ಟೊಂಕ ಹಿಡಿದುಕೊಂಡಳು.

ಅತ್ತೆವ್ವ ಬಿಡುತ್ತಾಳೆಯೇ? "ನಮ್ಮ ಹುಡಿಗಿ ಪಾಯಾಳು ಅದಾಳ್ರಿ!" ಎಂದು ಕೂಗಿಬಿಟ್ಟಳು.

ನಾನು ಹಿಡಿದಿದ್ದ ಉಸಿರು ಪೂರ್ತಿ ಹೊರಗೆ ಬಂತು. ಆ ತಾಯಿಯ ಮುಖ ಅರಳಿತು. ಆಯಿ ಅವಳ ಕೈ ಹಿಡಿದು ಎಬ್ಬಿಸಿ, ಒಳಗಿನ ಕೋಣೆಗೆ ಕರೆದುಕೊಂಡು ಹೋದಳು. ಬಹಳ ಹೊತ್ತು ಇಬ್ಬರೂ ಏನೋ ಮಾತಾಡಿದರು. ಒಮ್ಮೆ ಇಬ್ಬರೂ ನಕ್ಕದ್ದು ಕೇಳಿಸಿತು. ಹೊರಗೆ ಬಂದವಳು "ನಮಗ ಹುಡಿಗಿ ಒಪ್ಪಿಗಿ," ಎಂದಳು.

ಹೀಗೆ ನಾನು ಹುಟ್ಟದ ರೀತಿಯ ಬಲದಿಂದ ನನ್ನ ಮದುವೆಯಾಯಿತು. ಹುಕ್ಕೇರಿಗೆ ಹೋದ ಮೇಲೆ ಸದಾ ಅದೇ ಚಿಂತೆ. ಅತ್ತೆ ಒಳ್ಳೆಯವಳು, ತಾನಾಗಿ ಕೇಳುತ್ತಿರಲಿಲ್ಲ. ಅವಳು ಬೆಳಿಗ್ಗೆ ಗೋಡೆ ಹಿಡಿದು ಏಳುವುದನ್ನು ನೋಡಿ ನನಗೇ ತಡೆಯಲಾಗುತ್ತಿರಲಿಲ್ಲ. ಹತ್ತಲು ಅಂಜಿಕೆ, ಹತ್ತಿ ಗುಣ ಕಾಣದಿದ್ದರೆ? "ಹಗ್ಗ ಇಲ್ರಿ ಅತ್ತಿ, ಹಗ್ಗ ಇಲ್ಲದ ನನಗ ಬರೂದಿಲ್ಲ," ಎಂದು ಒಂದು ನೆಪ ಮಾಡಿದೆ. ಹುಕ್ಕೇರಿಯಲ್ಲಿ ಹಗ್ಗಕ್ಕೆ ಬರವೇ? ಆದರೆ ನಮ್ಮ ತೊಲೆಯ ಹಗ್ಗವೇ ಬೇಕು ಎಂಬಂತೆ ನಾನು ಹೇಳಿದ ರೀತಿಗೆ ಅವಳು ಸುಮ್ಮನಾದಳು. ಮಾತಾಡಿಸಲು ಬಂದ ಕಾಕಾನ ಮುಂದೆಯೂ ಅದೇ ನೆಪವನ್ನು ಹೇಳಿದ್ದೆ.

ಮೊದಲ ಪಂಚಮಿಗೆ ನನ್ನನ್ನು ಕರೆಯಲು ಕಾಕಾ ಬಂದ. ಬುಟ್ಟಿಯಲ್ಲಿ ಜೋಳದ ಅಳ್ಳು, ಶೇಂಗಾ ಉಂಡಿ, ಕೊಬ್ಬರಿ ಬಟ್ಟಲು. ಎಲ್ಲದರ ಕೆಳಗೆ, ಸುತ್ತಿ ಇಟ್ಟ ಹಗ್ಗ. ಹಿಡಿದು ಹಿಡಿದು ನುಣುಪಾದ ಜಾಗ ಹಾಗೆಯೇ ಹೊಳೆಯುತ್ತಿತ್ತು.

"ಆಯಿ ಕೊಟ್ಟ ಕಳಿಸ್ಯಾಳ," ಎಂದ ಕಾಕಾ.

"ಮತ್ತ ಆಯಿಗೆ?"

"ಎಂಟ ದಿನಕ್ಕೊಮ್ಮೆ ಸುವ್ವಿ ಬರತಾಳ ಮೂಡಲಗಿಯಿಂದ. ಅಕಿಗೆ ಹಗ್ಗ ಬ್ಯಾಡಂತ."

ನಮ್ಮ ಮನೆಯವರು ಅದನ್ನು ಪಡಸಾಲೆಯ ತೊಲೆಗೆ ಕಟ್ಟಿದರು. ಕಾಕಾನನ್ನು ಕರೆದುಕೊಂಡು ಊರು ತೋರಿಸಲು ಹೋದರು. ಅತ್ತೆ ತಾನೇ ಕೌದಿ ಹಾಸಿಕೊಂಡು ಬೋರಲು ಮಲಗಿದಳು. ನಾನು ಹಗ್ಗ ಹಿಡಿದು ನಿಂತೆ. ಕಾಲು ಮೇಲೇಳಲಿಲ್ಲ.

"ಅತ್ತಿ, ಒಂದ ಮಾತ ಹೇಳಬೇಕಾಗಿತ್ರಿ. ನಾ ಪಾಯಾಳು ಅಲ್ರಿ. ತಲಿ ಮುಂದಾಗಿ ಹುಟ್ಟಿದಾಕಿ ನಾ."

"ಗೊತ್ತೈತಿ," ಎಂದಳು ಅತ್ತೆ ಕೌದಿಗೆ ಮುಖ ಹಚ್ಚಿಕೊಂಡೇ. "ನೋಡಾಕ ಬಂದ ದಿನಾನ ನಿಮ್ಮ ಆಯಿ ಹೇಳಿದ್ಲು. ಹತ್ತು."

ಹತ್ತಿದೆ.

"ಇಲ್ಲೇನ್ರಿ ಅತ್ತಿ?"

"ಇನ್ನ ಸ್ವಲ್ಪ ಕೆಳಗ," ಎಂದಳು.